ದೊಡ್ಡತ್ತೆಯ ದೂರು

ಪ್ರೀತಿಯ ರಾಜೀವಿ ಅತ್ತಿಗೆ,

ಕೊಲ್ಕತ್ತಾದ ಈ ಲ್ಯಾಬಿನಲ್ಲಿ ಇವತ್ತು ಮೆದುಳಿನ ಗಡ್ಡೆಯ ಜೀವಕೋಶಗಳನ್ನು ಕಣ್ಣಾರೆ ನೋಡಿದೆ. ಒತ್ತಡದ ಹಾರ್ಮೋನು ತಗಲಿದರೆ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಕೆಲವು ಜೀನುಗಳು ಅವುಗಳಲ್ಲಿ ಮಂಕಾಗುತ್ತವಂತೆ. ಕೂಡಲೇ ಅಣ್ಣನ ಕಾಯಿಲೆಗೆ ದೊಡ್ಡತ್ತೆ ನಿಮ್ಮನ್ನು ದೂರಿದ್ದು ನೆನಪಾಯಿತು: “ಇವಳ ಕಿರಿಕಿರಿಯಿಂದಲೇ ಅವನ ತಲೆಯಲ್ಲಿ ಗಡ್ಡೆ ಆದದ್ದು.” ನಮ್ಮ ಲ್ಯಾಬಿನ ಮೇಡಂ ಹತ್ತಿರ ಕೇಳಿಯೇಬಿಟ್ಟೆ. ಇದು ಆಗಲೇ ಇರುವ ಗಡ್ಡೆಯ ಸಂಗತಿ, ಹೆಂಡತಿಯ ಜಗಳದಿಂದ ಗಡ್ಡೆ ಹುಟ್ಟುತ್ತದೆಂದು ಎಲ್ಲೂ ಕಂಡಿಲ್ಲ ಎಂದರು.

ಅಣ್ಣನ ತಲೆಯ ಬಾವು ಇಳಿಯಲು ಕೊಟ್ಟ ಮಾತ್ರೆಯನ್ನು ಸುಳ್ಯದ ಡಾಕ್ಟರು ಹೇಳದೆ ನಿಲ್ಲಿಸಬೇಡಿ. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಮ್ಮೂರಿನ ಅಂಚೆಯಣ್ಣ ಬಂದ ಕಾರ್ಡನ್ನು ಮನೆಯ ಜಗಲಿಯಲ್ಲೇ ನಿಂತು ಗಟ್ಟಿಯಾಗಿ ಓದಿ ಕೊಡುವವರು, ದೊಡ್ಡತ್ತೆ ಕೂರುವುದೂ ಅಲ್ಲೇ. ಅದಕ್ಕೇ ಫೋನು ಮಾಡದೆ ಈ ಕಾರ್ಡು ಬರೆದೆ.

ನಿಮ್ಮ ನಾದಿನಿ,
ಸಮನ್ವಿತಾ