ಹಸಿ ಅಂಟು

ಮಾರ್ಚ್ ೩, ಬೆಳಗ್ಗೆ

ಒಟ್ಟು ನಷ್ಟ: ರಬ್ಬರ್ ಸ್ಟಾಂಪ್ ಇನ್ನೂರ ನಲವತ್ತು, ಅಂಟು ಆರು ಬಾಟಲಿ, ಇಬ್ಬರ ಒಂಬತ್ತು ದಿನ. ಕಾರ್ಡಿನ ಮೇಲೆ ಒತ್ತುವ ಹೂವು, ಹಕ್ಕಿ, ಎಲೆ... ಚಿತ್ರವೆಲ್ಲ ತಂಗಿಯದು. ಸ್ಟಾಂಪಿನ ಬೆನ್ನಿಗೆ ಅಂಟು ಬಳಿಯುವವಳೂ ಅವಳೇ. ಅಂಗಡಿಯವರಿಂದ ಆರ್ಡರ್ ತರುವ ಬಾಯಿ ಮಾತ್ರ ನನ್ನದು. ಈ ಕಸುಬು ಕಟ್ಟಿದ್ದೂ ಅದೇ.

ಈ ಅಂಟು ಬಳಿದಾಗ ಹಾಲಿನಂತೆ ಬೆಳ್ಳಗೆ. ಒಣಗಿ ಗಾಜಿನಂತೆ ತಿಳಿಯಾದ ಮೇಲೆ ಪ್ಲಾಸ್ಟಿಕ್ ಹಾಳೆಗೆ ಒತ್ತಬೇಕು. ಆಗ ಕೊಂಡವರು ಹಾಳೆಯಿಂದ ನೂರು ಸಲ ಕಿತ್ತು, ಒತ್ತುವ ಹಿಡಿಗೆ ನೂರು ಸಲ ಅಂಟಿಸಬಹುದು. ಹಸಿಯಲ್ಲೇ ಒತ್ತಿದರೆ ಜನ್ಮದ ನಂಟು.

ನಿನ್ನೆ ಸಂಜೆ ತಂಗಿ ಹೇಳಿದ್ದಳು, "ಅಕ್ಕ, ಇನ್ನೂ ಬೆಳ್ಳಗಿದೆ. ನಾಳೆ ಒತ್ತೋಣ."

"ನೀನು ಕಾಯ್ತಾ ಕೂತ್ರೆ ಅಂಗಡಿಯವರಿಗೆ ಮೊಮ್ಮಕ್ಕಳಾಗ್ತಾರೆ" ಎಂದೆ.

ಅವಳು ಮನೆಗೆ ಹೋದ ಮೇಲೆ ಎಲ್ಲವನ್ನೂ ನಾನೇ ಒತ್ತಿದೆ. ಇವತ್ತು ಒಂದು ಹಕ್ಕಿಯನ್ನು ಎಳೆದೆ — ರೆಕ್ಕೆ ಕೈಗೆ ಬಂತು, ಮೈ ಹಾಳೆಯಲ್ಲೇ.

ಮಾರ್ಚ್ ೩, ಮಧ್ಯಾಹ್ನ

ಅಂಗಡಿಯವರ ಫೋನ್. ಸರಕು ಎಲ್ಲಿ ಎಂದು.

"ತಂಗಿ ಆತುರ ಮಾಡಿಬಿಟ್ಟಳು ಸಾರ್."

ಬಾಯಿಗೆ ಮೊದಲು ಬಂದದ್ದು ಅದು. ತಂಗಿ ಎದುರಿಗೇ ಬ್ರಷ್ ತೊಳೆಯುತ್ತಿದ್ದಳು. ಫೋನ್ ಇಟ್ಟ ಮೇಲೆ ಕೇಳಿದಳು, "ನಿಜ ಹೇಳ್ಬಹುದಿತ್ತಲ್ಲ ಅಕ್ಕ?"

"ಹೇಳ್ತೀನಿ ಕಣೆ. ಆರ್ಡರ್ ಉಳೀಲಿ ಮೊದಲು."

ಮಾರ್ಚ್ ೭

ಅಂಗಡಿಯವರು ಬಂದರು. ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಇನ್ನೊಂದು ಸಲ ಮಾಡಿಕೊಡಿ. ಆದ್ರೆ ನಿಮ್ಮ ತಂಗಿ ಮುಟ್ಟಬಾರ್ದು. ಆಗುತ್ತಾ?"

ತಂಗಿ ನನ್ನ ಮುಖ ನೋಡಿದಳು. ನಿಜ ಹೇಳಲು ಒಂದು ಉಸಿರಿನಷ್ಟು ಹೊತ್ತಿತ್ತು.

"ಆಗುತ್ತೆ ಸಾರ್."

ತಂಗಿ ಏಪ್ರನ್ ಬಿಚ್ಚಿ ಮಡಚಿಟ್ಟಳು. "ಬ್ರಷ್ ನೀರಲ್ಲಿದೆ ಅಕ್ಕ, ತೆಗೆದಿಡು." ಅಷ್ಟೇ.

ಮಾರ್ಚ್ ೨೬

ಹಳೆಯ ಚಿತ್ರಗಳಿಂದಲೇ ಹೊಸ ಸ್ಟಾಂಪ್ ಮಾಡಿಸಿದೆ. ಅಂಟು ಬಳಿದೆ. ತಿಳಿಯಾಗುವವರೆಗೆ ಕಾದೆ, ಕಾಯಲು ಬರುತ್ತದೆ ಎಂದು ಗೊತ್ತಾಯಿತು. ಸರಕು ಹೋಯಿತು.

"ನೋಡಿದ್ರಾ, ಅವಳನ್ನ ಬಿಡಿಸಿದ ಮೇಲೆ ಕೆಲಸ ಎಷ್ಟು ನೀಟಾಯ್ತು" ಎಂದರು ಅಂಗಡಿಯವರು.

"ಹೌದು ಸಾರ್" ಎಂದೆ.

ಮುಂದಿನ ಆರ್ಡರಿಗೆ ಇಪ್ಪತ್ತು ಹೊಸ ಚಿತ್ರ ಬೇಕಂತೆ. ನನಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬಾರದು. ತಂಗಿ ಫೋನ್ ಎತ್ತುತ್ತಿಲ್ಲ.

ಯಾರಿಗೆ ಏನು ದಕ್ಕಿತು:
ಅಂಗಡಿಯವರಿಗೆ — ಸ್ಟಾಂಪ್ ಇನ್ನೂರ ನಲವತ್ತು.
ನನಗೆ — ಆರ್ಡರ್, ಒಳ್ಳೆಯ ಹೆಸರು.
ತಂಗಿಗೆ — ನನ್ನ ತಪ್ಪು.