ಬಡಿಸುವವರ ಪಾಲು

ಚರ್ಚಿನ ಹಿಂಗೋಣೆ,
ಮಾರ್ಚ್ ಐದು, ಗುರುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಸೊಂಟನೋವು ಹೇಗಿದೆ? ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದಾರೆಂದು ನೀನು ಬರೆದಿದ್ದೆ. ಹುಟ್ಟಿದಾಗಿನಿಂದ ಯಾರಿಗೂ ಬಗ್ಗದವನಿಗೆ ಅದೂ ಒಂದು ಪಥ್ಯವೇ! ನಿನ್ನ ಹೆಂಡತಿ ಅದನ್ನೇ ನೆಪ ಮಾಡಿಕೊಂಡು ನಿನ್ನಿಂದ ಕೂತಲ್ಲೇ ತರಕಾರಿ ಹೆಚ್ಚಿಸುತ್ತಿದ್ದಾಳೆಂದು ಕೇಳಿ ಅವಳ ಮೇಲೆ ಗೌರವ ಇಮ್ಮಡಿಯಾಯಿತು. ನಾನು ಚೆನ್ನಾಗಿದ್ದೇನೆ, ಅಂದರೆ ಚೆನ್ನಾಗಿ ಸಿಕ್ಕಿಬಿದ್ದಿದ್ದೇನೆ.

ಅಮ್ಮ ಹೋದ ಮೇಲೆ, ಈ ನಾಲ್ಕು ವರ್ಷ, ಕರ್ತನ ಭೋಜನಕ್ಕೆ ರೊಟ್ಟಿ ಕತ್ತರಿಸಿ ದ್ರಾಕ್ಷಾರಸ ತುಂಬುವ ಕೆಲಸ ನನ್ನದು. ತಟ್ಟೆಗೆ ನಲವತ್ತು ತೂತು, ತೂತಿಗೊಂದು ಹೆಬ್ಬೆರಳಿನಷ್ಟು ಗಾಜಿನ ಬಟ್ಟಲು. ಬಡಿಸುವವರು ಎಲ್ಲರಿಗಿಂತ ಕೊನೆಗೆ, ಕಿಟಕಿ ತೆರೆಯದ ಈ ಕೋಣೆಯಲ್ಲಿ ತೆಗೆದುಕೊಳ್ಳುವುದು ರೂಢಿ. ಯಾರ ಕಣ್ಣಿಗೂ ಬೀಳದ ಆ ಕೊನೆಯಲ್ಲೇ ನಾನು ಬಚಾವಾಗಿದ್ದೆ. ನನ್ನ ಪಾಲಿನ ರೊಟ್ಟಿ ಗುಬ್ಬಚ್ಚಿಗೆ, ರಸ ಹಿತ್ತಿಲ ಮಣ್ಣಿಗೆ. ಅಲ್ಲಿನ ಎರೆಹುಳುಗಳು ಇಷ್ಟರಲ್ಲಿ ದೃಢೀಕರಣವನ್ನೂ ಪಡೆದು ಚರ್ಚಿನ ಪೂರ್ಣ ಸದಸ್ಯರಾಗಿರಬೇಕು. ನಾನು ತೆಗೆದುಕೊಳ್ಳದಿದ್ದದ್ದು ಯಾಕೆಂದರೆ, ತಪ್ಪು ಒಪ್ಪಿಕೊಳ್ಳದವರು ಈ ರೊಟ್ಟಿ ಮುಟ್ಟುವಂತಿಲ್ಲ; ನಿನಗೆ ಹೇಳದೆ ನುಂಗಿದ ಮಾತೊಂದು ಗಂಟಲಲ್ಲಿ ಕೂತಿದೆ, ಅದರ ಮೇಲೆ ರೊಟ್ಟಿ ಇಳಿಯದು. ಪಾತ್ರೆ ತೊಳೆಯುವವಳೂ ನಾನೇ, ಅಪಾತ್ರಳೂ ನಾನೇ.

ಈಗ ಹೊಸ ಸಭಾಪಾಲಕರು ಬಂದಿದ್ದಾರೆ. ನನ್ನ ಹಳೇ ವಿದ್ಯಾರ್ಥಿ, ಸಂಧಿ ಬಿಡಿಸಲು ಬಾರದೆ ಬೆಂಚು ಹತ್ತಿದವನು. "ಮೇಡಂ, ಈ ಭಾನುವಾರದಿಂದ ಬಡಿಸೋರೇ ಮೊದಲು, ಎಲ್ಲರ ಮುಂದೆ ತಗೋಬೇಕು. ಹಸಿದೋರ ಕೈಲಿ ಬಡಿಸಿಕೊಳ್ಳೋದು ಚೆಂದವಾ?" ಎಂದ. "ಬಡಿಸೋರು ಮೊದಲೇ ಉಂಡ್ರೆ ಜನ ಏನಂತಾರಪ್ಪಾ?" ಎಂದೆ. ಕಮಿಟಿಯಲ್ಲಿ ಕೂತವರೆಲ್ಲ ನಕ್ಕರು, ನಿರ್ಧಾರ ಮಾತ್ರ ಬದಲಾಗಲಿಲ್ಲ. ಬೇಡವೆಂದರೆ ಊರಿಗೆ ಗೊತ್ತು, ಬಾಯಿಗಿಟ್ಟರೆ ದೇವರಿಗೆ ಗೊತ್ತು. ರೊಟ್ಟಿ ನೂರಿಪ್ಪತ್ತು ಚೂರಾದರೂ ಒಂದೇ ರೊಟ್ಟಿಯಂತೆ, ಪಕ್ಕದವರನ್ನು ಬಿಟ್ಟು ದೇವರೊಬ್ಬನ ಜೊತೆ ಉಣ್ಣಲಾಗದಂತೆ. ಬೆಂಚು ಹತ್ತಿದವನಿಗೆ ಇಷ್ಟು ಚೆನ್ನಾಗಿ ಅರ್ಥವಾದದ್ದು ನನಗೆ ಆಗಿರಲಿಲ್ಲ. ನನ್ನ ಪಕ್ಕದವನು ನೀನು, ಸಾವಿರ ಮೈಲಿ ದೂರದ ಪಕ್ಕ. ಒಡಹುಟ್ಟು ಅಂದರೆ ಒಡನೆ ಹುಟ್ಟಿದ್ದು ಎಂದು ಮೂವತ್ತು ವರ್ಷ ಪಾಠ ಮಾಡಿದೆ. ಒಡೆಯಲಿಕ್ಕೂ ಅವೇ ಅಕ್ಷರ ಸಾಕೆಂದು ಯಾವ ತರಗತಿಯಲ್ಲೂ ಹೇಳಲಿಲ್ಲ.

ನಿನ್ನ ಮನೆ ನಗುತ್ತಿರಲಿ, ಸೊಂಟ ನೆಟ್ಟಗಾಗಲಿ.

ನಿನ್ನ
ಅಕ್ಕ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ: ಅಮ್ಮ ತಟ್ಟನೆ ಹೋಗಿಬಿಟ್ಟಳು, ನಿನಗೆ ತಿಳಿಸಲು ಹೊತ್ತೇ ಸಿಗಲಿಲ್ಲ ಎಂದಿದ್ದೆನಲ್ಲ, ಅದೂ ಸುಳ್ಳು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಮೂರು ದಿನವೂ "ಪುಟ್ಟ ಬಂದನಾ?" ಎಂದಳು. ವರ್ಷಗಟ್ಟಲೆ ನೋಡಿಕೊಂಡವಳು ನಾನು, ಕರೆಯುವುದು ನಿನ್ನನ್ನು! ಹೊಟ್ಟೆ ಉರಿದು, "ಹೇಳಿದೆ, ಬರಲ್ಲ ಅಂದ" ಎಂದುಬಿಟ್ಟೆ. "ರಜ ಸಿಕ್ಕಿರಲ್ಲ, ಪಾಪ, ಬೈಬೇಡ ಅವನಿಗೆ" ಎಂದಳು. ಭಾನುವಾರ ಎಲ್ಲರೆದುರು ನನಗೆ ಬೇಡ ಎನ್ನುತ್ತೇನೆ, ಯಾಕೆಂದು ಕೇಳಿದವರಿಗೆ ಇದನ್ನೇ ಹೇಳುತ್ತೇನೆ. ನೀನು ಬರೆ, ಬೈದಾದರೂ ಸರಿ. ಲಕೋಟೆ ಅಂಟಿಸುತ್ತಿದ್ದೇನೆ, ಇನ್ನೊಮ್ಮೆ ಓದಿದರೆ ಹರಿದುಹಾಕುತ್ತೇನೆ.