ಹಾಲಿನ ಗಾಡಿ ಮಾರುವುದಿಲ್ಲ

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರಗಳು.

ದೇವರ ದಯದಿಂದ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಬೈಕ್ ಒಂದನ್ನು ಬಿಟ್ಟು ಎಂದು ಹೋದ ವಾರ ಬರೆದಿದ್ದೆ. ಹಾಲಿನ ಕ್ಯಾನುಗಳ ಸಮೇತ ನಡುರಸ್ತೆಯಲ್ಲಿ ಇಂಜಿನ್ ಸೀಜ್ ಆಗಿ ನಿಂತಿತ್ತು. ಮಾರಿಬಿಡು ಎಂದು ನೀನು ಗಿರಾಕಿಯನ್ನೇ ಗೊತ್ತುಮಾಡಿದ್ದೀಯಂತೆ. ಅವರು ಬರುವುದು ಬೇಡ.

ತಪ್ಪು ನನ್ನದೇ. ದಿನವೂ ಗಾಡಿಗೆ ಕೈ ಮುಗಿದು ಹೊರಡುತ್ತಿದ್ದೆ, ಆಯಿಲ್ ಮಾತ್ರ ನೋಡುತ್ತಿರಲಿಲ್ಲ. ಮೆಕ್ಯಾನಿಕ್ ನಕ್ಕುಬಿಟ್ಟ. "ಅಕ್ಕಾ, ದೇವರು ಕಾಪಾಡ್ತಾನೆ, ಸರಿ. ಆಯಿಲ್ ಹಾಕೋಕೂ ಅವನೇ ಬರ್ಬೇಕಾ? ಇದನ್ನ ಬಿಟ್ಟು ಬೇರೆ ಗಾಡಿ ತಗೊಳ್ಳಿ" ಎಂದ.

ನಾನು ಒಪ್ಪಲಿಲ್ಲ. ನಮ್ಮ ಮನೆಯವರು ಹೋದ ಮೇಲೆ, ನಲವತ್ತೈದನೇ ವಯಸ್ಸಿನಲ್ಲಿ, ಬೀದಿಯವರೆಲ್ಲ ನಗುತ್ತಿರುವಾಗ ಬಿದ್ದು ಎದ್ದು ಕಲಿತ ಗಾಡಿ ಇದು. ಐದು ವರ್ಷದಲ್ಲಿ ಒಂದು ಮನೆಗೂ ಹಾಲು ತಪ್ಪಿಸಿಲ್ಲ. ಈ ವಾರವೂ ಇಲ್ಲ, ಕ್ಯಾನು ಹೊತ್ತು ನಡೆದೇ ಹಾಕಿದೆ.

ಹಾಲು ಹಾಕಿ ಬಂದು ಮೂರು ದಿನ ಗ್ಯಾರೇಜಿನಲ್ಲೇ ಕೂತೆ. ಹೊಸ ಪಿಸ್ಟನ್ ಕೂರಿಸಿದ ಮೇಲೆ ನಟ್ಟುಗಳನ್ನು ನಾನೇ ಬಿಗಿದೆ. ಎರಡನೇ ಕಿಕ್ಕಿಗೆ ಇಂಜಿನ್ ಸ್ಟಾರ್ಟ್ ಆಯಿತು. "ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಎಂದ ಮೆಕ್ಯಾನಿಕ್.

ಈಗ ಮೊದಲು ಆಯಿಲ್ ಕಡ್ಡಿ ಎಳೆದು ನೋಡುತ್ತೇನೆ, ಆಮೇಲೆ ಕೈ ಮುಗಿಯುತ್ತೇನೆ. ದೇವರು ಮುನಿಸಿಕೊಂಡಂತಿಲ್ಲ.

ನಿನ್ನ ಸ್ಪ್ಯಾನರ್ ಸೆಟ್ಟು ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆಯಲ್ಲ, ಅದು ನನಗೆ ಬೇಕು. ನೀನೇ ನಿನ್ನ ಗಾಡಿಯಲ್ಲಿ ತಂದುಕೊಡು. ನಿನ್ನ ಆಯಿಲನ್ನೂ ನೋಡಿಯೇ ಕಳಿಸುತ್ತೇನೆ. ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ಇಂತಿ,
ನಿನ್ನ ತಂಗಿ, ಬೀದಿಯವರ ಬಾಯಲ್ಲಿ ಹಾಲಕ್ಕ